ಬೇಲಿ ಹೋದ ಮೇಲೆ ಗೋಸುಂಬೆಗೆ ಸಾಕ್ಷಿ ಯಾರು?

ಮಾನ್ಯ ಸಂಪಾದಕರಿಗೆ,

ಶಾಸಕರೊಬ್ಬರು ಪಕ್ಷ ಬದಲಾಯಿಸಿದ ಮರುದಿನ ಪತ್ರಿಕೆಗಳಲ್ಲಿ ಗೋಸುಂಬೆಯ ಹೆಸರು ತಪ್ಪದೆ ಕಾಣಿಸಿಕೊಳ್ಳುತ್ತದೆ. ವ್ಯಂಗ್ಯಚಿತ್ರಗಳಲ್ಲಿ ಅದಕ್ಕೆ ಖಾದಿ ತೊಡಿಸುತ್ತಾರೆ, ವೇದಿಕೆಗಳಲ್ಲಿ ಎದುರಾಳಿಯನ್ನು ಅದರ ಹೆಸರಿನಿಂದ ಕರೆದು ಚಪ್ಪಾಳೆ ಗಿಟ್ಟಿಸುತ್ತಾರೆ. ಆದರೆ ಆ ಹೆಸರಿನ ನಿಜವಾದ ಪ್ರಾಣಿ, ಬಯಲುಸೀಮೆಯ ಬೇಲಿಗಳಲ್ಲಿ ಯಾರ ತಂಟೆಗೂ ಹೋಗದೆ ನೊಣ, ಮಿಡತೆ ಹಿಡಿದು ಬದುಕುವ ಆ ಬಡಪಾಯಿ, ಈಗ ಎಲ್ಲಿದೆ, ಹೇಗಿದೆ ಎಂದು ಕೇಳುವವರು ಕಡಿಮೆ. ನಾನು ಪ್ರಾಣಿಶಾಸ್ತ್ರ ಓದಿದವನಲ್ಲ. ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಈಗ ಒಂದಿಷ್ಟು ಹೊಲ ನೋಡಿಕೊಂಡಿರುವವನು. ಕಳೆದ ಎರಡು ವರ್ಷಗಳಲ್ಲಿ ಗೋಸುಂಬೆಯನ್ನು ಗಿಡದ ಮೇಲೆ ಜೀವಂತವಾಗಿ ನೋಡಿದ್ದಕ್ಕಿಂತ ಡಾಂಬರಿನ ಮೇಲೆ ಚಪ್ಪಟೆಯಾಗಿ ನೋಡಿದ್ದೇ ಹೆಚ್ಚಾದ್ದರಿಂದ ಈ ಪತ್ರ ಬರೆಯಬೇಕೆನಿಸಿತು. ಸ್ವಲ್ಪ ಉದ್ದವಾದರೆ ಮನ್ನಿಸಬೇಕು.

ಮೊದಲಿಗೆ ಹೆಸರಿನ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. ಬೇಲಿಗೂಟದ ಮೇಲೆ ಕುಳಿತು ತಲೆ ಕುಣಿಸುವ, ಮಳೆಗಾಲದಲ್ಲಿ ಗಂಟಲು ಕೆಂಪಾಗುವ, ಕಲ್ಲೆಸೆದರೆ ಸರ್ರನೆ ಓಡಿಹೋಗುವ ಓತಿಕ್ಯಾತವನ್ನೂ ಅನೇಕರು ಊಸರವಳ್ಳಿ ಎಂದೇ ಕರೆಯುತ್ತಾರೆ. ನಾನು ಹೇಳುತ್ತಿರುವುದು ಅದನ್ನಲ್ಲ. ಗೋಸುಂಬೆ ಓಡಲಾರದು. ಭಾರತದಲ್ಲಿ ಈ ಕುಲದ ಪ್ರಾಣಿ ಒಂದೇ ಒಂದು ಇದ್ದು, ವಿಜ್ಞಾನಿಗಳು ಅದನ್ನು ಕೆಮೀಲಿಯೊ ಝೇಲಾನಿಕಸ್ ಎನ್ನುತ್ತಾರೆ. ಲಾರೆಂಟಿ ಎಂಬ ವಿಜ್ಞಾನಿ 1768ರಲ್ಲೇ ಅದನ್ನು ವಿವರಿಸಿದ್ದಾನೆ. ಅದರ ಬಂಧುಬಳಗದ 200ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಬಹುಪಾಲು ಮಡಗಾಸ್ಕರ್ ದ್ವೀಪದಲ್ಲಿಯೂ ಆಫ್ರಿಕಾ ಖಂಡದಲ್ಲಿಯೂ ಇವೆ. ಅಷ್ಟು ದೊಡ್ಡ ಕುಟುಂಬದಿಂದ ಈ ನೆಲಕ್ಕೆ ದಕ್ಕಿದ್ದು ಇದೊಂದೇ, ಅದೂ ದಟ್ಟ ಮಲೆನಾಡಿಗಿಂತ ಹೆಚ್ಚಾಗಿ ನಮ್ಮ ಒಣಸೀಮೆಯ ಕುರುಚಲು, ತೋಪು, ಹೊಲದಂಚುಗಳಲ್ಲಿ ಸಿಗುವಂಥದ್ದು.

ಹತ್ತಿರದಿಂದ ನೋಡಿದವರಿಗೆ ಇದು ಮರಕ್ಕೆಂದೇ ಕಡೆದಿಟ್ಟ ಜೀವ ಎಂಬುದು ಕೂಡಲೇ ತಿಳಿಯುತ್ತದೆ. ಪಾದಗಳು ಇಕ್ಕುಳದ ಹಾಗಿವೆ: ಮುಂಗಾಲಿನಲ್ಲಿ ಒಳಗಡೆ ಮೂರು ಬೆರಳು ಕೂಡಿ ಒಂದು ಕಂತೆ, ಹೊರಗಡೆ ಎರಡು ಕೂಡಿ ಇನ್ನೊಂದು ಕಂತೆ; ಹಿಂಗಾಲಿನಲ್ಲಿ ಇದು ತಿರುಗುಮುರುಗು. ಬೆರಳು ಗಾತ್ರದ ರೆಂಬೆಯನ್ನು ಅದು ಹಿಡಿದರೆ ಬಿಡಿಸುವುದು ಕಷ್ಟ, ಬಾಲವಂತೂ ಐದನೆಯ ಕೈ. ಗೋಪುರದಂತೆ ಉಬ್ಬಿದ ಎರಡು ಕಣ್ಣುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ತಿರುಗುತ್ತವೆ, ಒಂದು ಮುಂದಿನ ಎಲೆಯ ಮೇಲಿನ ಹುಳುವನ್ನು ನೋಡುತ್ತಿರುವಾಗ ಇನ್ನೊಂದು ನಮ್ಮನ್ನು ನೋಡುತ್ತಿರುತ್ತದೆ. ನಾಲಿಗೆ ಚಾಚಿದರೆ ತನ್ನ ಮೈಯುದ್ದಕ್ಕಿಂತ ದೂರ ಹೋಗಿ, ಕಣ್ಣೆವೆ ಇಕ್ಕುವಷ್ಟರಲ್ಲಿ ಬೇಟೆಯೊಂದಿಗೆ ಹಿಂದಕ್ಕೆ ಬಂದಿರುತ್ತದೆ. ಆ ನಾಲಿಗೆಯ ತುದಿಯ ಲೋಳೆ ಮನುಷ್ಯನ ಜೊಲ್ಲಿಗಿಂತ ಸುಮಾರು 400 ಪಟ್ಟು ಮಂದವಾಗಿರುತ್ತದೆಂದು ವಿಜ್ಞಾನಿಗಳು 2016ರಲ್ಲಿ ಅಳೆದು ತೋರಿಸಿದ್ದಾರೆ. ಇಷ್ಟೆಲ್ಲ ಚಳಕ ಕೊಂಬೆಯ ಮೇಲಷ್ಟೇ. ನೆಲಕ್ಕಿಳಿದ ಗೋಸುಂಬೆ, ಗುಡ್ಡದಿಂದ ಇಳಿದು ಪೇಟೆಯ ನಡುವೆ ನಿಂತ ಮುದುಕನಂತೆ, ಯಾವ ಹೆಜ್ಜೆ ಎಲ್ಲಿಡಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತದೆ.

ಬಣ್ಣದ ವಿಷಯದಲ್ಲಂತೂ ನಾವು ಅದಕ್ಕೆ ಮಾಡಿರುವ ಅನ್ಯಾಯ ಸಣ್ಣದಲ್ಲ. ಕೆಂಪು ಬಟ್ಟೆಯ ಮೇಲಿಟ್ಟರೆ ಕೆಂಪಾಗುತ್ತದೆ, ನೀಲಿಯ ಮೇಲಿಟ್ಟರೆ ನೀಲಿಯಾಗುತ್ತದೆ ಎಂಬುದು ಸುಳ್ಳು. ಮೊಬೈಲುಗಳಲ್ಲಿ ಹರಿದಾಡುವ ಅಂಥ ವಿಡಿಯೊಗಳು ಕಂಪ್ಯೂಟರಿನಲ್ಲಿ ಮಾಡಿದ ಕೈಚಳಕ. ಬೆಳಗಿನ ಚಳಿಯಲ್ಲಿ ಬಿಸಿಲು ಹೀರಿಕೊಳ್ಳಲು ಅದು ಕಪ್ಪಗಾಗುತ್ತದೆ, ಸೆಕೆ ಏರಿದರೆ ತಿಳಿಯಾಗುತ್ತದೆ, ಹೆದರಿದರೆ, ಸಿಟ್ಟು ಬಂದರೆ, ಸಂಗಾತಿ ಎದುರಾದರೆ ಒಂದೊಂದು ಬಗೆಯಾಗುತ್ತದೆ. ಮಡಗಾಸ್ಕರಿನ ಪ್ರಭೇದವೊಂದರ ಚರ್ಮದ ಕೋಶಗಳೊಳಗೆ ಅತಿಸೂಕ್ಷ್ಮ ಹರಳುಗಳಿವೆಯೆಂದೂ ಅವುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದಂತೆ ಬಣ್ಣ ಬದಲಾಗುತ್ತದೆಂದೂ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಕಂಡುಕೊಂಡರು. ಅಂದರೆ ಗೋಸುಂಬೆ ತನ್ನ ಮನಸ್ಸಿನಲ್ಲಿ ಇರುವುದನ್ನು ಮೈಮೇಲೆ ಬರೆದುಕೊಳ್ಳುವ ಪ್ರಾಣಿಯೇ ಹೊರತು ಮುಚ್ಚಿಡುವ ಪ್ರಾಣಿಯಲ್ಲ. ರಾಜಕಾರಣಿಗೆ ಈ ಹೋಲಿಕೆ ಹೇಗೆ ಹೊಂದುತ್ತದೋ ನನಗಂತೂ ತಿಳಿಯದು. ರಾತ್ರಿ ನಿದ್ದೆಹೋದಾಗ ಅದರ ಮೈ ಬೂದಿ ಬಳಿದಂತೆ ಬಿಳಚಿಕೊಳ್ಳುತ್ತದೆ. ಟಾರ್ಚ್ ಬಿಟ್ಟರೆ ಹಸಿರೆಲೆಗಳ ನಡುವೆ ಅದೊಂದೇ ಬೆಳ್ಳಗೆ ತೋರುವುದರಿಂದ ಹಗಲಿನಲ್ಲಿ ಕಣ್ಣಿಗೆ ಬೀಳದ್ದು ಹಿಡಿಯುವವರ ಕೈಗೆ ರಾತ್ರಿ ಸುಲಭವಾಗಿ ಸಿಕ್ಕಿಬಿಡುತ್ತದೆ.

ಅದು ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆ, ಅದರ ಉಸಿರು ತಾಗಿದರೆ ವಿಷ ಏರುತ್ತದೆ ಎಂದು ನಮ್ಮ ಬಾಲ್ಯದಲ್ಲಿ ಹೇಳುತ್ತಿದ್ದರು, ಇಂದಿಗೂ ಹೇಳುವವರಿದ್ದಾರೆ. ಒಂದೇ ಹಸುವನ್ನು ಎರಡು ಸಲ ದಾನ ಕೊಟ್ಟ ನೃಗ ಮಹಾರಾಜ ಪಾಳುಬಾವಿಯಲ್ಲಿ ಓತಿಯಾಗಿ ಬಿದ್ದಿದ್ದನೆಂದು ಪುರಾಣ ಕೇಳಿ ಬೆಳೆದ ನಮಗೆ ಈ ಜಾತಿಯ ಪ್ರಾಣಿಯೆಂದರೆ ಯಾರದೋ ಶಾಪ ಎಂಬ ಭಾವನೆ ಬೇಗ ಮೂಡುತ್ತದೆಯೋ ಏನೋ. ನಿಜಕ್ಕೆ ಬಂದರೆ ಗೋಸುಂಬೆಗೆ ವಿಷವೇ ಇಲ್ಲ. ಕೆಣಕಿದಾಗ ಮೈ ಉಬ್ಬಿಸಿ, ಬಾಯಿ ಅಗಲಿಸಿ, ಬುಸ್ಸೆನ್ನುವುದು ಅದರ ಕೊನೆಯ ಅಸ್ತ್ರ. ಓಡಲು ಬಾರದ ಪ್ರಾಣಿ ಇನ್ನೇನು ಮಾಡೀತು? ಆ ಬುಸ್ಸೆನ್ನುವಿಕೆಯನ್ನೇ ವಿಷದ ಸಾಕ್ಷಿಯೆಂದು ಬಗೆದು ಕೋಲೆತ್ತುವವರು ಒಂದೆರಡು ಹೆಜ್ಜೆ ಹಿಂದೆ ಸರಿದು ನಿಂತರೆ ಅದು ತಾನಾಗಿ ಬಾಯಿ ಮುಚ್ಚಿಕೊಂಡು, ಗಾಳಿಗೆ ತೂಗುವ ಎಲೆಯಂತೆ ಹಿಂದಕ್ಕೂ ಮುಂದಕ್ಕೂ ಓಲಾಡುತ್ತ ದಾರಿ ಹಿಡಿಯುವುದನ್ನು ಕಾಣಬಹುದು.

ಈಗ ನಾನು ಕಣ್ಣಾರೆ ಕಂಡ ಒಂದು ಸಂಗತಿ. ಎರಡು ವರ್ಷಗಳ ಹಿಂದೆ, ಮಳೆ ಹಿಂದೆಗೆದು ನೆಲ ಇನ್ನೂ ಮೆತ್ತಗಿದ್ದ ದಿನಗಳಲ್ಲಿ, ನಮ್ಮ ಹೊಲದ ಅಂಚಿನ ಲಕ್ಕಿಗಿಡದ ಪೊದೆಯಿಂದ ಹೊಟ್ಟೆ ದಪ್ಪಗಾಗಿದ್ದ ಹೆಣ್ಣು ಗೋಸುಂಬೆಯೊಂದು ಕೆಳಗಿಳಿಯಿತು. ಅದು ಪೊದೆಯ ಬುಡದಿಂದ ರಸ್ತೆಯ ಅಂಚಿನವರೆಗೆ, ಹೆಚ್ಚೆಂದರೆ ಆರು ಮಾರು ದೂರವನ್ನು, ನಿಂತು ನಿಂತು ದಾಟಿದ್ದನ್ನು ನಾನು ಬದುವಿನ ಮೇಲೆ ಕುಳಿತು ನೋಡಿದೆ. ಚರಂಡಿಯ ದಂಡೆಯ ಮೆದುಮಣ್ಣನ್ನು ಎರಡು ಮೂರು ಕಡೆ ಕೆರೆದು ನೋಡಿ, ಕೊನೆಗೊಂದು ಜಾಗ ಒಪ್ಪಿಗೆಯಾಗಿ, ತಲೆ ಮುಂದಾಗಿ ಅಗೆಯುತ್ತ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಬಾಲದ ತುದಿ ಮಾತ್ರ ಹೊರಗಿತ್ತು. ಇಳಿಹೊತ್ತಿಗೆ ಅದು ಮೈಯೆಲ್ಲ ಮಣ್ಣಾಗಿ, ಹೊಟ್ಟೆ ಜೋತುಬಿದ್ದು, ಹಿಂಗಾಲುಗಳಿಂದ ಗುಣಿ ಮುಚ್ಚಿ, ಮೇಲೆ ಮಣ್ಣು ಸಮ ಮಾಡಿ ಮರಳಿ ಲಕ್ಕಿಗಿಡ ಹತ್ತುವಾಗ ಮೂರು ಕಡೆ ದಣಿವಾರಿಸಿಕೊಂಡಿತು. ಒಂದು ಸೂಲಿಗೆ ಹತ್ತರಿಂದ ಮೂವತ್ತರವರೆಗೆ ಮೊಟ್ಟೆಗಳಿರುತ್ತವೆಂದು ಆಮೇಲೆ ಓದಿ ತಿಳಿದೆ. ತಾಯಿ ಕಾವಲಿರುವುದಿಲ್ಲ. ಮೊಟ್ಟೆಗಳು ತಿಂಗಳುಗಟ್ಟಲೆ ಆ ಮಣ್ಣಿನೊಳಗೇ ಕಾಯಬೇಕು; ಹೊರಬರುವ ಮರಿ ಒಂದೂಕಾಲು ಅಂಗುಲದಷ್ಟಿರುತ್ತದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು, ರಸ್ತೆಬದಿ ಸ್ವಚ್ಛ ಮಾಡುವ ಗುತ್ತಿಗೆಯವರ ಜೆಸಿಬಿ ಬಂತು. ಚರಂಡಿಯ ದಂಡೆ, ಲಕ್ಕಿ, ತಂಗಡಿ, ಉಗನಿ ಹಂಬು ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ಬಾಚಿ ಟ್ರ್ಯಾಕ್ಟರಿಗೆ ತುಂಬಿದರು. ಚಾಲಕ ಒಳ್ಳೆಯ ಹುಡುಗ, ನಾನು ಕೈ ಅಡ್ಡ ಹಿಡಿದಾಗ ಯಂತ್ರ ನಿಲ್ಲಿಸಿ ಇಳಿದು ಬಂದ. ಆಗಲೇ ತಡವಾಗಿತ್ತು. ಕೆದರಿದ ಮಣ್ಣಿನಲ್ಲಿ ಬಿಳಿಯ ಹುಣಸೆಬೀಜದಂತೆ ಕಾಣುವ ಏಳೆಂಟು ಮೊಟ್ಟೆಗಳು ಚೆಲ್ಲಿದ್ದವು, ಎರಡು ಒಡೆದಿದ್ದವು. “ಇದು ಹಾವಿನದಾ ಸಾರ್?” ಎಂದು ಕೇಳಿದ. ನಾನು ಗೋಸುಂಬೆಯದು ಎಂದಾಗ ಅವನ ಮುಖ ಇನ್ನಷ್ಟು ಬಾಡಿತು, ಅಪಶಕುನ ಎಂದುಕೊಂಡಿರಬೇಕು.

ಕಾನೂನು ಏನು ಹೇಳುತ್ತದೆಂಬ ಕುತೂಹಲದಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ತೆಗೆದು ನೋಡಿದೆ. ಗೋಸುಂಬೆ ಆ ಕಾಯ್ದೆಯ ರಕ್ಷಣೆಗೆ ಒಳಪಟ್ಟ ಪ್ರಾಣಿ. ಅದರಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥ ಬಹಳ ವಿಶಾಲವಾದದ್ದು: ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆ, ಹಕ್ಕಿ ಮತ್ತು ಸರೀಸೃಪಗಳ ವಿಷಯದಲ್ಲಿ ಮೊಟ್ಟೆಗಳಿಗೆ ಹಾನಿ ಮಾಡುವುದೂ ಗೂಡು ಕೆದಕುವುದೂ ಬೇಟೆಯೇ. ಆ ಹುಡುಗನ ಮೇಲೆ ಮೊಕದ್ದಮೆ ಹೂಡಬೇಕೆಂದು ನಾನು ಹೇಳುತ್ತಿಲ್ಲ, ಅಂಥ ಯೋಚನೆಯೇ ಹಾಸ್ಯಾಸ್ಪದ. ಆದರೆ ಒಬ್ಬ ವ್ಯಕ್ತಿ ಬೇಕೆಂದೇ ಮಾಡಿದರೆ ಅಪರಾಧವಾಗುವ ಕೆಲಸವನ್ನು ಸರ್ಕಾರದ ಹಣದಲ್ಲಿ, ಟೆಂಡರ್ ಕರೆದು, ಮೊಟ್ಟೆಯಿಡುವ ಕಾಲದಲ್ಲೇ ಸಾಲುಸಾಲಾಗಿ ಮಾಡಿಸುವಾಗ ಯಾರೂ ಒಂದು ಕ್ಷಣ ನಿಂತು ಯೋಚಿಸುವುದಿಲ್ಲವಲ್ಲ ಎಂಬುದಷ್ಟೇ ನನ್ನ ಅಳಲು.

ಮುಖ್ಯವಾಗಿ ನಾನು ಹೇಳಬೇಕಾಗಿರುವುದು ಬೇಲಿಯ ಬಗ್ಗೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ ಎಂಬ ಗಾದೆಯನ್ನು ಕಳ್ಳರಿಬ್ಬರು ಒಬ್ಬರಿಗೊಬ್ಬರು ಸಾಕ್ಷಿ ಹೇಳುವ ಸಂದರ್ಭದಲ್ಲಿ ಬಳಸುತ್ತೇವೆ. ಗಾದೆ ಕಟ್ಟಿದ ರೈತ ಮಾತ್ರ ತಾನು ದಿನವೂ ಕಂಡದ್ದನ್ನೇ ಹೇಳಿದ್ದಾನೆ: ಬೇಲಿಯಿದ್ದಲ್ಲಿ ಅದಿತ್ತು, ಅದಿದ್ದಲ್ಲಿ ಬೇಲಿಯಿತ್ತು. ಗೋಸುಂಬೆಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಹಿಂದೆ ಹೊಲಗಳ ಸುತ್ತ ಕಳ್ಳಿ, ತಂಗಡಿ, ಲಕ್ಕಿ, ಬಂದರಿ, ನಡುನಡುವೆ ಹೊಂಗೆ, ಬೇವು, ಅವುಗಳ ಮೇಲೆ ಹಬ್ಬಿದ ಕಾಡುತೊಂಡೆ, ಉಗನಿ ಹೀಗೆ ಆಳೆತ್ತರದ ಜೀವಂತ ಬೇಲಿ ಇರುತ್ತಿತ್ತು. ಒಂದು ಹೊಲದ ಬೇಲಿ ಇನ್ನೊಂದರ ಬೇಲಿಗೆ, ಅದು ಹಳ್ಳದ ಪೊದೆಗೆ, ಹಳ್ಳದ ಪೊದೆ ಗುಡ್ಡದ ಕುರುಚಲಿಗೆ ಕೂಡಿಕೊಂಡಿದ್ದರಿಂದ ಗೋಸುಂಬೆ ನೆಲ ಮುಟ್ಟದೆ ಊರಿನ ಈ ತುದಿಯಿಂದ ಆ ತುದಿಗೆ ಹೋಗಬಹುದಾಗಿತ್ತು. ಈಗ ಅಲ್ಲಿ ಕಲ್ಲುಕಂಬ, ಮುಳ್ಳುತಂತಿ, ಇನ್ನೂ ಅನುಕೂಲವಿದ್ದವರಲ್ಲಿ ಸೋಲಾರ್ ತಂತಿ. ತಂತಿಯಲ್ಲಿ ಎಲೆಯಿಲ್ಲ, ಎಲೆಯಿಲ್ಲದಲ್ಲಿ ಹುಳುವಿಲ್ಲ, ಬಿಸಿಲಿಗೆ ಮರೆಯಿಲ್ಲ, ಕಾಗೆಗೆ ಕಾಣದಂತೆ ಕೂರಲು ಜಾಗವಿಲ್ಲ.

ರೈತರನ್ನು ದೂರಲು ನನಗೆ ಮನಸ್ಸಿಲ್ಲ, ನಾನೂ ಮೂರು ಕಡೆ ತಂತಿ ಹಾಕಿಸಿದವನೇ. ಅಣ್ಣತಮ್ಮಂದಿರಲ್ಲಿ ಭಾಗವಾಗಿ ಹೊಲ ಸಣ್ಣದಾದಾಗ ಮೂರಡಿ ಅಗಲದ ಬೇಲಿಯೂ ಕಣ್ಣಿಗೆ ಚುಚ್ಚುತ್ತದೆ, ವರ್ಷಕ್ಕೊಮ್ಮೆ ಸವರಲು ಆಳು ಸಿಗುವುದಿಲ್ಲ, ಅದರ ನೆರಳಿಗೆ ಎರಡು ಸಾಲು ಬೆಳೆ ಸೊರಗುತ್ತದೆ, ಹಂದಿ ನುಗ್ಗಿದರೆ ಕಳ್ಳಿ ತಡೆಯುವುದಿಲ್ಲ. ಇವೆಲ್ಲ ನಿಜವಾದ ತಾಪತ್ರಯಗಳು. ನಾಲ್ಕನೆಯ ಕಡೆಯ ಬೇಲಿಯನ್ನು ನಾನು ಉಳಿಸಿಕೊಂಡದ್ದು ಪ್ರಾಣಿದಯೆಯಿಂದಲ್ಲ, ಹಣ ಸಾಲದೆ. ಆ ಮೂಲಕ ತಿಳಿದದ್ದೇನೆಂದರೆ, ಗೋಸುಂಬೆಗೆ ನಾಲ್ಕೂ ಕಡೆ ಬೇಕಾಗಿಲ್ಲ. ಒಂದು ಕಡೆ ಇದ್ದು ಅದು ಪಕ್ಕದವರ ಒಂದು ಕಡೆಗೆ ಕೂಡಿಕೊಂಡರೂ ಅದು ಬದುಕು ನಡೆಸುತ್ತದೆ. ತಂತಿಯಿದ್ದಲ್ಲಿಯೂ ಹಂಬು ಹಬ್ಬಲು ಬಿಟ್ಟರೆ ಅಷ್ಟರಮಟ್ಟಿಗೆ ದಾರಿಯಾಗುತ್ತದೆ. ವಿದ್ಯುತ್ ತಂತಿಗೆ ಈ ಮಾತು ಅನ್ವಯಿಸದು ಎಂಬುದು ಗೊತ್ತು. ಇಲ್ಲೊಂದು ತೊಡಕೂ ಇದೆ: ನಮ್ಮಲ್ಲಿ ಉಳಿದಿರುವ ಹಸಿರು ಬೇಲಿಗಳಲ್ಲಿ ಲಂಟಾನವೇ ಹೆಚ್ಚು. ಕಾಡಿನೊಳಗೆ ಅದನ್ನು ಕೀಳಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಊರಬದಿಯಲ್ಲಿ ಬೇರೇನೂ ನೆಡದೆ ಲಂಟಾನವನ್ನು ಮಾತ್ರ ಕಿತ್ತುಹಾಕಿದರೆ ಕೆಟ್ಟ ಮನೆಯನ್ನು ಕೆಡವಿ ಇದ್ದವರನ್ನು ಬೀದಿಗೆ ಬಿಟ್ಟಂತಾಗುತ್ತದೆ. ಮೊದಲು ಲಕ್ಕಿಯೋ ತಂಗಡಿಯೋ ಎದೆಯೆತ್ತರ ಬರಲಿ, ಆಮೇಲೆ ಲಂಟಾನ ಹೋಗಲಿ.

ಬೇಲಿ ತುಂಡಾದ ಕಡೆ ಗೋಸುಂಬೆ ನೆಲಕ್ಕಿಳಿಯಲೇಬೇಕು, ನೆಲದಲ್ಲಿ ರಸ್ತೆಯಿದೆ. ಒಂದು ಹೆಜ್ಜೆ ಮುಂದಿಟ್ಟು, ಹಿಂದಕ್ಕೆ ತೂಗಿ, ಮತ್ತೆ ಮುಂದಕ್ಕೆ ತೂಗಿ ನಡೆಯುವ ಅದರ ನಡಿಗೆ ಕೊಂಬೆಯ ಮೇಲೆ ವೈರಿಯ ಕಣ್ಣು ತಪ್ಪಿಸುತ್ತದೆ; ಅದೇ ನಡಿಗೆ ಡಾಂಬರಿನ ಮೇಲೆ ಅದಕ್ಕೆ ಮೃತ್ಯುವಾಗುತ್ತದೆ. ಹೊರಗಿವಿಯ ರಂಧ್ರವೇ ಇಲ್ಲದ ಪ್ರಾಣಿಯಾದ್ದರಿಂದ ಹಾರ್ನ್ ಹೊಡೆದರೆ ಸರಿಯುವಂಥದ್ದೂ ಅಲ್ಲ. ವಾಹನ ಹತ್ತಿರವಾದಾಗ ಓಡುವ ಬದಲು ಇದ್ದಲ್ಲೇ ಅಂಟಿಕೊಂಡು ನಿಲ್ಲುತ್ತದೆ, ಸವಾರರಿಗೆ ಒಣಗಿದ ಎಲೆಯಂತೆ ಕಾಣುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಲ್ಲಿಸಿದ್ದು ಆನೆ, ಜಿಂಕೆ, ಚಿರತೆಗಳಿಗೆ ದೊಡ್ಡ ಉಪಕಾರ, ಅದನ್ನು ಸಡಿಲಿಸಬೇಕೆಂಬ ಒತ್ತಡಕ್ಕೆ ಯಾರೂ ಮಣಿಯಬಾರದು. ಆದರೆ ಗೋಸುಂಬೆ ಹಗಲು ಓಡಾಡುವ ಜೀವ, ಆ ನಿಷೇಧ ಅದನ್ನು ಕಾಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಪ್ರಾಣಿಯ ನೆಲೆ ಅಭಯಾರಣ್ಯದ ಗಡಿಯ ಒಳಗಿಗಿಂತ ಹೊರಗೇ ಹೆಚ್ಚು ಇರುವುದರಿಂದ, ಹುಲಿಗೆಂದು ಮಾಡಿದ ಯಾವ ವ್ಯವಸ್ಥೆಯೂ ಇದರವರೆಗೆ ತಲುಪುವುದಿಲ್ಲ.

ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ನಮ್ಮ ಗೋಸುಂಬೆ ‘ಕಡಿಮೆ ಆತಂಕ’ದ ಗುಂಪಿನಲ್ಲಿದೆ, ಹಾಗಿರುವಾಗ ಇಷ್ಟು ಗಾಬರಿ ಏಕೆ ಎಂದು ಬಲ್ಲವರು ಕೇಳಬಹುದು. ಪಾಕಿಸ್ತಾನದಿಂದ ಶ್ರೀಲಂಕಾದವರೆಗೆ ಹರಡಿರುವ ಪ್ರಾಣಿಯನ್ನು ಒಟ್ಟಾಗಿ ನೋಡಿ ಕೊಟ್ಟ ದರ್ಜೆ ಅದು. ಒಂದು ತಾಲ್ಲೂಕಿನಲ್ಲಿ ಅದು ಮುಗಿದೇಹೋದರೂ ಆ ದರ್ಜೆ ಅಲುಗಬೇಕಾಗಿಲ್ಲ. ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಪಟ್ಟಿಗೆ ಸೇರಲು ಇರುವ ಅಳತೆಗಳಲ್ಲಿ ಒಂದು, ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಹೆಚ್ಚೋ ಅಷ್ಟು ಅವಧಿಯಲ್ಲಿ ಸಂಖ್ಯೆ ಶೇ 30ರಷ್ಟು ಕುಸಿದಿರಬೇಕು ಎಂಬುದು. ಶೇ 30 ಕುಸಿದಿದೆ ಎನ್ನಲು ಮೊದಲು ಎಷ್ಟಿತ್ತು ಎಂಬ ಲೆಕ್ಕ ಇರಬೇಕಲ್ಲವೆ? ಹುಲಿಗೆ ಗಣತಿಯಿದೆ, ಆನೆಗೆ ಗಣತಿಯಿದೆ. ನಮ್ಮೂರಿನ ಬೇಲಿಯ ಗೋಸುಂಬೆಯನ್ನು ಎಣಿಸಿದವರು ಯಾರು?

ಹಿಡಿದು ಸಾಕುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಅದರ ಹೆಸರಿದೆ, ದೇಶದೊಳಗೆ ಹಿಡಿಯುವುದೂ ಮಾರುವುದೂ ಅಪರಾಧ. ಗೋಸುಂಬೆ ಬಟ್ಟಲಿನಲ್ಲಿಟ್ಟ ನೀರನ್ನು ನೀರೆಂದು ಗುರುತಿಸುವುದೇ ಕಡಿಮೆ; ಎಲೆಯ ಮೇಲಿನ ಹನಿಯನ್ನು ನೆಕ್ಕಿ ಬಾಯಾರಿಕೆ ತೀರಿಸಿಕೊಳ್ಳುವ ಪ್ರಾಣಿ ಅದು. ರೀಲ್ಸ್ ಮಾಡಲು ಹಿಡಿದು ತಂದು ಪೆಟ್ಟಿಗೆಯಲ್ಲಿಟ್ಟ ಹುಡುಗರು ಅದು ಬಣ್ಣ ಬದಲಾಯಿಸಲಿಲ್ಲವೆಂದು ಬೇಸರಪಡುತ್ತಿರುವಾಗ ಅದು ತುಂಬಿದ ಬಟ್ಟಲಿನ ಪಕ್ಕದಲ್ಲೇ ನೀರಿಲ್ಲದೆ ಒಣಗುತ್ತಿರುತ್ತದೆ.

ಅಧಿಕಾರದಲ್ಲಿರುವವರಿಂದ ಬೇಕಾಗಿರುವುದು ದೊಡ್ಡ ಯೋಜನೆಯೇನಲ್ಲ. ರಸ್ತೆಬದಿಯ ಗಿಡಗಂಟಿ ತೆಗೆಸುವ ಲೋಕೋಪಯೋಗಿ ಇಲಾಖೆಯೂ ಪಂಚಾಯಿತಿಗಳೂ ಆ ಕೆಲಸವನ್ನು ಮಳೆ ಮುಗಿದ ಕೂಡಲೇ ಯಂತ್ರದಿಂದ ಮಾಡಿಸುವುದನ್ನು ನಿಲ್ಲಿಸಿ, ತಿರುವುಗಳಲ್ಲಿ ಎದುರಿನ ವಾಹನ ಕಾಣುವಷ್ಟನ್ನು ಮಾತ್ರ ಕುಡುಗೋಲಿನಿಂದ ಸವರಿಸಿ, ಉಳಿದ ಕಡೆ ಚರಂಡಿಯ ಹೊರದಂಡೆಯ ಮಣ್ಣನ್ನು ಮುಟ್ಟದೆ ಬಿಡುವಂತೆ ಗುತ್ತಿಗೆಯ ಷರತ್ತಿನಲ್ಲೇ ಬರೆಯಬೇಕು. ಇದರಿಂದ ಖರ್ಚು ಹೆಚ್ಚುತ್ತದೆಯೆಂದು ನನಗನಿಸದು, ಅಗೆಯುವ ಮಣ್ಣು ಕಡಿಮೆಯಾಗುತ್ತದೆಯಷ್ಟೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲೆ ಬರೆಯಬೇಕು. ಆ ದಾಖಲೆಗೆ ನಮ್ಮೂರಲ್ಲಿ ಯಾವ ಬೇಲಿ ಇನ್ನೂ ಉಳಿದಿದೆ, ಎಲ್ಲಿ ಗೋಸುಂಬೆ ಕಂಡಿದೆ, ಎಲ್ಲಿ ಸತ್ತು ಬಿದ್ದಿತ್ತು ಎಂಬುದನ್ನು ತಿಂಗಳಿಗೊಮ್ಮೆ ಸೇರಿಸುವ ಕೆಲಸವನ್ನು ಹೈಸ್ಕೂಲು ಮಕ್ಕಳು ನಮಗಿಂತ ಚೆನ್ನಾಗಿ ಮಾಡಬಲ್ಲರು. ಮೇಷ್ಟ್ರಾಗಿದ್ದವನ ಮಾತಿದು, ನಂಬಬಹುದು. ಬದುಗಳ ಮೇಲೆ ಗಿಡ ನೆಡಿಸುವ ಸರ್ಕಾರಿ ಕಾಮಗಾರಿಗಳಲ್ಲಿ ಸಿಲ್ವರ್ ಓಕಿನ ಸಾಲಿನ ಜೊತೆಗೆ ಲಕ್ಕಿ, ತಂಗಡಿ, ಬಂದರಿಯ ಪೊದೆಗಳಿಗೂ ಒಂದು ಸಾಲು ಮೀಸಲಿಟ್ಟರೆ ಸಾಕು. ಇವುಗಳಿಗೆ ನೀರೂ ಹೆಚ್ಚು ಬೇಡ, ಲಕ್ಕಿಯನ್ನು ದನ ಮುಟ್ಟುವುದೂ ಇಲ್ಲ.

ಓದುಗರಲ್ಲಿ ಒಂದು ವಿನಂತಿ. ರಸ್ತೆಯಲ್ಲಿ ಗೋಸುಂಬೆ ಕಂಡರೆ ಗಾಡಿ ಬದಿಗೆ ನಿಲ್ಲಿಸಿ, ಒಂದು ಉದ್ದನೆಯ ಕಡ್ಡಿಯನ್ನು ಅದರ ಮುಂಗಾಲಿನ ಮುಂದೆ ಹಿಡಿಯಿರಿ. ಅದು ತಾನಾಗಿ ಕಡ್ಡಿ ಹತ್ತುತ್ತದೆ, ಹತ್ತಿದ ಮೇಲೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದು ಮುಖಮಾಡಿದ್ದ ಕಡೆಯ ಪೊದೆಗೇ ಬಿಡಬೇಕು, ಹಿಂದಕ್ಕೆ ಬಿಟ್ಟರೆ ಮತ್ತೆ ರಸ್ತೆಗೇ ಬರುತ್ತದೆ. ಬಾಲ ಹಿಡಿದು ಎಳೆಯಬಾರದು.

ಮೇಲೆ ಹೇಳಿದ ರಸ್ತೆಬದಿಯ ವಿಷಯವಾಗಿ ಸಂಬಂಧಪಟ್ಟ ಕಚೇರಿಗೆ ಕಳೆದ ವರ್ಷವೇ ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿಯ ಮೊಹರು ಬಿದ್ದಿದೆ, ಉತ್ತರ ಬಂದಿಲ್ಲ. ಅಗೆದ ಜಾಗದಲ್ಲಿ ಲಕ್ಕಿ ತಾನಾಗಿ ಚಿಗುರಿ ಮೊಣಕಾಲೆತ್ತರ ಬಂದಿದೆ, ಮುಂಗಾರು ಹಿಡಿದರೆ ಸೊಂಟದೆತ್ತರ ಬರುತ್ತದೆ. ಈ ಸಲ ಯಂತ್ರ ಬರುವುದು ಯಾವಾಗ ಎಂಬುದನ್ನು ಯಾರಾದರೂ ಮುಂಚಿತವಾಗಿ ತಿಳಿಸಿದರೆ ಅಷ್ಟರಮಟ್ಟಿಗೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಬಯಲುಸೀಮೆಯ ಒಬ್ಬ ನಿವೃತ್ತ ಶಿಕ್ಷಕ